ಬ್ರೇಕ್ ಹಾಕಿದರೂ ಟ್ರಾಲಿ ಸರಿಯುತ್ತಾ? ಕ್ಯಾಸ್ಟರ್ ಲಾಕ್ ಆರಿಸುವುದು, ಕೂರಿಸುವುದು, ಸರಿಮಾಡುವುದು

ಅಂಗಡಿಗೆ ಹೋಗಿ "ಆರಿಂಚಿನ ವೀಲ್ ನಾಲ್ಕು ಕೊಡಿ, ಎರಡಕ್ಕೆ ಬ್ರೇಕ್ ಇರಲಿ" ಅಂತ ಕೇಳಿ ತರುವವರೇ ಜಾಸ್ತಿ. ಅಂಗಡಿಯವರೂ ಮರುಮಾತಿಲ್ಲದೆ ಕೊಡುತ್ತಾರೆ. ಟ್ರಾಲಿಗೆ ಹಾಕಿ, ಮಾಲು ತುಂಬಿ, ಕಾಲಲ್ಲಿ ಪೆಡಲ್ ಒತ್ತಿ, ಮೇಲಿರುವ ಜಾಬ್ (ಕೆಲಸ ಮಾಡುತ್ತಿರುವ ಮಾಲು) ಎತ್ತಲು ಹೋದರೆ ಟ್ರಾಲಿ ಮೆಲ್ಲಗೆ ಪಕ್ಕಕ್ಕೆ ಹೋಗುತ್ತದೆ. ಆಗ ಡೂಪ್ಲಿಕೇಟ್ ಮಾಲು ಕೊಟ್ಟರು ಅಂತ ಅಂಗಡಿಯವರಿಗೆ ಬೈಗುಳ. ಎಷ್ಟೋ ಸಲ ಬ್ರೇಕ್ ಸರಿಯಾಗೇ ಇರುತ್ತದೆ. ಬೇಕಾಗಿದ್ದ ಲಾಕ್ ಒಂದು, ತಂದಿದ್ದು ಇನ್ನೊಂದು, ಅಷ್ಟೆ.

ಇಲ್ಲಿ ಹೇಳುವುದೆಲ್ಲ ಕೈಯಲ್ಲಿ ತಳ್ಳುವ ಟ್ರಾಲಿ, ರ‍್ಯಾಕ್, ಚಕ್ರ ಹಾಕಿದ ವರ್ಕ್ ಟೇಬಲ್‌ಗಳ ಬಗ್ಗೆ. ಪೀಣ್ಯದಂಥ ಕಡೆ ಯಾವ ಶೆಡ್ಡಿಗೆ ಹೋದರೂ ಕಾಣುವಂಥವು. ನಾಲ್ಕರಿಂದ ಎಂಟು ಇಂಚಿನ ಚಕ್ರ, ಕೆಲವು ನೂರು ಕೆ.ಜಿ. ಭಾರ.

ನಿಲ್ಲಿಸಬೇಕಾದ್ದು ಮೂರು

ಟ್ರಾಲಿ ಅಲುಗದೆ ನಿಲ್ಲಬೇಕಾದರೆ ಚಕ್ರ ಉರುಳಬಾರದು, ಫೋರ್ಕ್ (ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಕವಲು) ತಿರುಗಬಾರದು, ಟೈರು ನೆಲದ ಮೇಲೆ ಜಾರಬಾರದು. ಮಾಮೂಲಿ ಬ್ರೇಕ್ ವೀಲ್ ಮೊದಲನೆಯದನ್ನು ಮಾತ್ರ ತಡೆಯುತ್ತದೆ. ಉಳಿದೆರಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಎರಡನೆಯದು ಜನಕ್ಕೆ ಅಷ್ಟಾಗಿ ಹೊಳೆಯುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಿರುಗುವ ಕ್ಯಾಸ್ಟರ್ ಒಂದನ್ನು, ಅಂದರೆ ಚಕ್ರ, ಫೋರ್ಕ್, ಮೇಲಿನ ಪ್ಲೇಟ್ ಸೇರಿದ ಇಡೀ ಜೋಡಣೆಯನ್ನು, ಪಕ್ಕದಿಂದ ನೋಡಿ. ಮೇಲಿನ ಪ್ಲೇಟಿನ ನಡುವೆ ಒಂದು ಪಿನ್ ಇರುತ್ತದಲ್ಲ, ಚಕ್ರದ ಆಕ್ಸಲ್ ಅದರ ನೇರ ಕೆಳಗೆ ಇರುವುದಿಲ್ಲ, ಆರಿಂಚಿನ ಚಕ್ರದಲ್ಲಿ ಸಾಮಾನ್ಯವಾಗಿ 40-50 ಮಿ.ಮೀ. ಹಿಂದಕ್ಕೆ ಇರುತ್ತದೆ. ಹಾಗಿರುವುದರಿಂದಲೇ ನಾವು ತಳ್ಳಿದ ಕಡೆಗೆ ಚಕ್ರ ತಾನಾಗಿ ತಿರುಗಿಕೊಂಡು ಹಿಂಬಾಲಿಸುವುದು. ಈಗ ಚಕ್ರಕ್ಕೆ ಬ್ರೇಕ್ ಹಾಕಿ. ಚಕ್ರ ನೆಲವನ್ನು ಕಚ್ಚಿಕೊಂಡು ನಿಂತಿತು, ಸರಿ. ಆದರೆ ಮೇಲಿನ ಪಿನ್ ಆ ಚಕ್ರದ ಸುತ್ತ ಇನ್ನೂ ತಿರುಗಬಲ್ಲದು. ಅಂದರೆ ಟ್ರಾಲಿಯ ಆ ತುದಿ ಅತ್ತ ನಾಲ್ಕು ಸೆಂ.ಮೀ., ಇತ್ತ ನಾಲ್ಕು ಸೆಂ.ಮೀ. ಆರಾಮಾಗಿ ಓಲಾಡಬಹುದು. ಚಕ್ರ ಒಂದು ಮಿ.ಮೀ. ಉರುಳದೇ ಇದ್ದರೂ! ಡ್ರಿಲ್ಲಿಂಗ್, ಅಸೆಂಬ್ಲಿ, ಅಳತೆ ತೆಗೆಯುವ ಟೇಬಲ್ ಆದರೆ ಇಷ್ಟು ಓಲಾಟ ಸಾಕು ತಲೆ ಕೆಡಿಸಲು.

ಮೂರನೆಯದು ನೆಲದ ಹಿಡಿತ. ನೈಲಾನ್ ಚಕ್ರ, ಎಪಾಕ್ಸಿ ನೆಲ, ಮೇಲೆ ಒಂದಿಷ್ಟು ಕೂಲಂಟ್ ಎಣ್ಣೆ ಬಿದ್ದಿದೆ ಅಂದುಕೊಳ್ಳಿ. ಬ್ರೇಕ್ ಎಷ್ಟೇ ಗಟ್ಟಿ ಇರಲಿ, ಚಕ್ರ ನಿಂತ ಭಂಗಿಯಲ್ಲೇ ಜಾರಿಕೊಂಡು ಹೋಗುತ್ತದೆ.

ಮೂರು ಗೀಟು ಹಾಕಿ ನೋಡಿ

ಯಾವುದು ಕೈ ಕೊಡುತ್ತಿದೆ ಅಂತ ಊಹೆ ಮಾಡುತ್ತಾ ಕೂರಬೇಡಿ. ಒಂದು ಸೀಮೆಸುಣ್ಣ ಸಾಕು. ಟ್ರಾಲಿಗೆ ದಿನಾ ಹಾಕುವಷ್ಟೇ ಭಾರ ಹಾಕಿ, ಕೆಲಸ ನಡೆಯುವ ಜಾಗದಲ್ಲೇ ನಿಲ್ಲಿಸಿ, ಬ್ರೇಕ್ ಹಾಕಿ. ಬ್ರೇಕ್ ಇರುವ ಪ್ರತಿ ಕ್ಯಾಸ್ಟರಿಗೂ ಮೂರು ಗೀಟು ಎಳೆಯಿರಿ. ಒಂದು ಚಕ್ರದ ಬದಿಯಿಂದ ಫೋರ್ಕಿಗೆ ಹಾಯುವಂತೆ. ಇನ್ನೊಂದು ಫೋರ್ಕಿನ ತಲೆಯಿಂದ ಮೇಲಿನ ಪ್ಲೇಟಿಗೆ. ಮೂರನೆಯದು ಟೈರು ನೆಲ ಮುಟ್ಟುವ ಕಡೆ, ಟೈರಿನ ಮೇಲೂ ನೆಲದ ಮೇಲೂ ಸೇರಿಸಿ. ಆಮೇಲೆ ಹ್ಯಾಂಡಲ್ ಹಿಡಿದು ಮುಂದೆ, ಹಿಂದೆ, ಪಕ್ಕಕ್ಕೆ ನೂಕಿ. ಎತ್ತರದ ರ‍್ಯಾಕ್ ಆದರೆ ತಲೆಯ ಹತ್ತಿರ ನೂಕಬೇಡಿ, ಮಗುಚಿ ಬಿದ್ದೀತು. ಫ್ರೇಮಿನ ಬುಡದ ಹತ್ತಿರ ನೂಕಿ.

ಚಕ್ರ-ಫೋರ್ಕಿನ ಗೀಟು ಬೇರೆಯಾದರೆ ಬ್ರೇಕ್ ಹಿಡಿಯುತ್ತಿಲ್ಲ. ಫೋರ್ಕ್-ಪ್ಲೇಟಿನದು ಬೇರೆಯಾದರೆ ನಿಮಗೆ ಬೇಕಿರುವುದು ತಿರುಗುವುದನ್ನೂ ತಡೆಯುವ ಲಾಕ್. ಮೇಲಿನ ಎರಡೂ ಹಾಗೇ ಇದ್ದು ನೆಲದ ಗೀಟು ಮಾತ್ರ ತಪ್ಪಿದರೆ ಚಕ್ರ ಜಾರುತ್ತಿದೆ, ಅದಕ್ಕೆ ಹೊಸ ಬ್ರೇಕ್ ತಂದು ದುಡ್ಡು ದಂಡ ಮಾಡಬೇಡಿ. ನೆಲ ಒರೆಸಿ, ನೈಲಾನ್ ಬದಲು ಪಿಯು (ಪಾಲಿಯುರೆಥೇನ್) ಅಥವಾ ರಬ್ಬರ್ ಚಕ್ರ ಹಾಕಿ, ಇಲ್ಲವೇ ಇನ್ನೆರಡು ಚಕ್ರಕ್ಕೂ ಬ್ರೇಕ್ ಕೊಡಿ. ಭಾರ ಎಲ್ಲಿ ಕೂತಿದೆ ಅಂತಲೂ ನೋಡಿ. ಬ್ರೇಕ್ ಇರುವ ಚಕ್ರದ ಮೇಲೆ ಎಷ್ಟು ತೂಕ ಇದೆಯೋ ಹಿಡಿತವೂ ಅಷ್ಟೇ ಸಿಗುವುದು. ಮಾಲೆಲ್ಲ ಬ್ರೇಕ್ ಇಲ್ಲದ ತುದಿಯಲ್ಲಿ ಪೇರಿಸಿಟ್ಟರೆ ಬ್ರೇಕ್ ಇರುವ ತುದಿ ಹಗುರಾಗಿ ಸುಮ್ನೆ ಜಾರುತ್ತದೆ.

ಯಾವ ಲಾಕ್, ಯಾವ ಕೆಲಸಕ್ಕೆ

ಎಲ್ಲಕ್ಕಿಂತ ಅಗ್ಗದ್ದು ಟೈರಿನ ಮೇಲೆ ಒತ್ತುವ ಬ್ರೇಕ್. ಪೆಡಲ್ ಒತ್ತಿದರೆ ಒಂದು ಕಬ್ಬಿಣದ ಶೂ ಅಥವಾ ಸ್ಪ್ರಿಂಗ್ ಪಟ್ಟಿ ಬಂದು ಟೈರನ್ನು ಅದುಮುತ್ತದೆ. ಸಮತಟ್ಟಾದ ನೆಲದಲ್ಲಿ, ಹಗುರ ಟ್ರಾಲಿಗೆ ಸಾಕು. ತೊಂದರೆ ಏನೆಂದರೆ ಟೈರು ಸವೆದಷ್ಟೂ ಶೂ ದೂರವಾಗುತ್ತದೆ. ಹೊಸದರಲ್ಲಿ ಗಟ್ಟಿಯಾಗಿ ಹಿಡಿದ ಬ್ರೇಕು ಕಾಲ ಹೋದಂತೆ ಹೆಸರಿಗೆ ಮಾತ್ರ ಆಗುತ್ತದೆ. ಪೆಡಲ್ ಟಕ್ ಅಂತ ಕೂರುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ. ಗಟ್ಟಿ ನೈಲಾನ್ ಚಕ್ರದ ಮೇಲೆ ಹೊಸದರಲ್ಲೇ ಇದರ ಹಿಡಿತ ಅಷ್ಟಕ್ಕಷ್ಟೆ. ಮೆತ್ತನೆ ರಬ್ಬರಿನ ಮೇಲೆ ಒತ್ತಿ ಬಹಳ ದಿನ ಬಿಟ್ಟರೆ ಅಲ್ಲೊಂದು ಗುಳಿ ಬೀಳುತ್ತದೆ.

ಚಕ್ರದ ಬದಿಯನ್ನು ಅದುಮುವ ಸೈಡ್ ಬ್ರೇಕಿಗೆ ಟೈರಿನ ಸವೆತ ಅಷ್ಟು ತಟ್ಟುವುದಿಲ್ಲ. ಚಕ್ರದಲ್ಲೇ ಹಲ್ಲು ಕೊಟ್ಟು, ಅದರೊಳಗೆ ಪಿನ್ ಬೀಳುವಂಥವೂ ಇವೆ. ಇಳಿಜಾರು, ಬ್ರೇಕಿಗೆ ಎಣ್ಣೆ ಮೆತ್ತುವ ಜಾಗ, ಜಾಸ್ತಿ ತೂಕ ಇರುವ ಕಡೆ ನನ್ನ ಮತ ಹಲ್ಲಿನದಕ್ಕೇ, ಯಾಕೆಂದರೆ ಅದು ಉಜ್ಜಿ ಹಿಡಿಯುವುದಿಲ್ಲ, ಸಿಕ್ಕಿಸಿ ಹಿಡಿಯುತ್ತದೆ. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಕೂರುವ ತನಕ ಚೂರು ಆಟ ಇರುತ್ತದೆ, ಅದನ್ನು ಸಹಿಸಿಕೊಳ್ಳಬೇಕು.

ಟೋಟಲ್ ಲಾಕ್ ಅಂದರೆ ಒಂದೇ ಪೆಡಲಿಗೆ ಚಕ್ರವೂ ನಿಲ್ಲುತ್ತದೆ, ಫೋರ್ಕೂ ನಿಲ್ಲುತ್ತದೆ. ಮೇಲೆ ಹೇಳಿದ ಓಲಾಟಕ್ಕೆ ಮದ್ದು ಇದೇ. ವರ್ಕ್ ಟೇಬಲ್‌ಗೆ ಇದನ್ನು ಬಿಟ್ಟು ಬೇರೆ ಹಾಕಬೇಡಿ ಅಂತಲೇ ಹೇಳುತ್ತೇನೆ. ಬೆಲೆ ಸ್ವಲ್ಪ ಜಾಸ್ತಿ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಕೈಯಲ್ಲಿ ಹಿಡಿದು, ಪೆಡಲ್ ಒತ್ತಿ, ಫೋರ್ಕನ್ನು ತಿರುಚಿ ನೋಡಿ. ಟೋಟಲ್ ಲಾಕ್ ಅಂತ ಹೇಳಿ ಬರೀ ಚಕ್ರದ ಬ್ರೇಕ್ ಕೊಡುವುದು ಅಪರೂಪವೇನಲ್ಲ.

ಸ್ವಿವಲ್ ಲಾಕ್ ಮಾಮೂಲಿ ಬ್ರೇಕಿಗೆ ತದ್ವಿರುದ್ಧ. ಫೋರ್ಕ್ ನಿಲ್ಲುತ್ತದೆ, ಚಕ್ರ ಉರುಳುತ್ತದೆ. ಒಂದು ಪಿನ್ ಪ್ಲೇಟಿನ ಕಚ್ಚಿನೊಳಗೆ ಬಿದ್ದು ಕೂರುತ್ತದೆ, ಸಾಮಾನ್ಯವಾಗಿ 90 ಡಿಗ್ರಿಗೊಂದರಂತೆ ನಾಲ್ಕು ಕಚ್ಚು. ಉದ್ದದ ಪೈಪು, ಆ್ಯಂಗಲ್ ಸಾಗಿಸುವ ಟ್ರಾಲಿಗೆ ನಾಲ್ಕೂ ತಿರುಗುವ ಚಕ್ರ ಹಾಕಿದ್ದರೆ ನೇರ ದಾರಿಯಲ್ಲಿ ಅದು ಅಡ್ಡಾದಿಡ್ಡಿ ಹೋಗುತ್ತದಲ್ಲ, ಆಗ ಎರಡಕ್ಕೆ ಈ ಪಿನ್ ಹಾಕಿದರೆ ಫಿಕ್ಸ್ ಚಕ್ರದ ಹಾಗೆ ನೆಟ್ಟಗೆ ಓಡುತ್ತದೆ. ಆದರೆ ಇದನ್ನೇ ಬ್ರೇಕ್ ಅಂದುಕೊಂಡು ಪಿನ್ ಹಾಕಿ ಕೈ ಬಿಟ್ಟು ಹೋಗಬೇಡಿ!

ಆಸ್ಪತ್ರೆ ಮಂಚದಲ್ಲಿ ಒಂದು ಪೆಡಲ್ ಒತ್ತಿದರೆ ನಾಲ್ಕೂ ಚಕ್ರ ಒಟ್ಟಿಗೆ ಲಾಕ್ ಆಗುತ್ತವಲ್ಲ, ಅದು ಸೆಂಟ್ರಲ್ ಲಾಕ್. ಚಕ್ರಗಳ ನಡುವೆ ಒಂದು ಷಡ್ಭುಜದ ರಾಡ್ ಹಾಯ್ದಿರುತ್ತದೆ, ಪೆಡಲ್ ಅದನ್ನು ತಿರುಗಿಸುತ್ತದೆ. ಚೆನ್ನಾಗಿದೆ, ಆದರೆ ವರ್ಕ್‌ಶಾಪ್ ಟ್ರಾಲಿಗೆ ದುಬಾರಿ. ವಿಮಾನ ನಿಲ್ದಾಣದ ಲಗೇಜ್ ಟ್ರಾಲಿಗಳಲ್ಲಿ ಹ್ಯಾಂಡಲ್ ಅದುಮಿ ಹಿಡಿದರೆ ಮಾತ್ರ ಓಡುವಂಥವು ಇವೆ, ಕೈ ಬಿಟ್ಟರೆ ತಾನೇ ಬ್ರೇಕ್. ಜನ ಬ್ರೇಕ್ ಹಾಕಲು ಮರೆಯುತ್ತಾರೆ ಅನ್ನುವ ಕಡೆ, ರ‍್ಯಾಂಪ್ ಇರುವ ಕಡೆ, ಈ ಬಗೆ ತುಂಬಾ ಒಳ್ಳೆಯದು.

ಇಳಿಜಾರಿನ ಲೆಕ್ಕ

ಇದು ಸುಲಭ, ಕ್ಯಾಲ್ಕುಲೇಟರೂ ಬೇಡ. ಟ್ರಾಲಿ 80 ಕೆ.ಜಿ., ಮಾಲು 500 ಕೆ.ಜಿ., ಒಟ್ಟು 580. ರ‍್ಯಾಂಪು 1:12 ಇದ್ದರೆ, ಅಂದರೆ 12 ಅಡಿಗೆ ಒಂದಡಿ ಏರಿದರೆ, ಕೆಳಕ್ಕೆ ಎಳೆಯುವ ಬಲ ಒಟ್ಟು ತೂಕದ ಹನ್ನೆರಡನೇ ಒಂದು ಭಾಗ. ಸುಮಾರು 48 ಕೆ.ಜಿ. ಅಷ್ಟನ್ನೂ ಬ್ರೇಕ್ ಇರುವ ಚಕ್ರಗಳೇ ತಡೆಯಬೇಕು. ಶೆಡ್ಡಿನ ನೆಲ ಸಮ ಇದೆ ಅಂತ ನಾವು ಅಂದುಕೊಂಡಿರುತ್ತೇವೆ, ನೀರು ಹೋಗಲಿ ಅಂತ ಗಾರೆಯವರು ಮೀಟರಿಗೆ ಒಂದು ಸೆಂ.ಮೀ. ವಾಟ ಕೊಟ್ಟಿರುತ್ತಾರೆ. ಅಲ್ಲೂ ಇದೇ ಟ್ರಾಲಿಗೆ ಸುಮಾರು 6 ಕೆ.ಜಿ. ಎಳೆತ. ಗಟ್ಟಿ ಚಕ್ರ, ಒಳ್ಳೆ ಬೇರಿಂಗ್ ಇದ್ದರೆ ಬ್ರೇಕ್ ಹಾಕದೆ ಬಿಟ್ಟ ಟ್ರಾಲಿ ಚರಂಡಿ ಕಡೆಗೆ ತಾನೇ ಹೊರಡಲು ಅದು ಸಾಕಾಗಬಹುದು.

ನಿಮ್ಮ ಬ್ರೇಕ್ ಎಷ್ಟು ತಡೆಯುತ್ತದೆ ಅಂತ ಅಳೆಯಬಹುದು. ಕೊಕ್ಕೆ ತಕ್ಕಡಿ ಸಿಗುತ್ತದಲ್ಲ, ನಿಮ್ಮ ಇಳಿಜಾರಿನ ಎಳೆತದ ಎರಡು ಪಟ್ಟು ತೂಗುವಂಥದ್ದು, ಅದನ್ನು ಫ್ರೇಮಿನ ಬುಡಕ್ಕೆ ಸಿಕ್ಕಿಸಿ ಸಮ ನೆಲದಲ್ಲಿ ನಿಧಾನಕ್ಕೆ ಅಡ್ಡಲಾಗಿ ಎಳೆಯಿರಿ. ಟ್ರಾಲಿ ಅಲುಗುವ ಹೊತ್ತಿಗೆ ಎಷ್ಟು ತೋರಿಸುತ್ತಿದೆ ನೋಡಿ. ನಿಮ್ಮ ಇಳಿಜಾರಿನ ಎಳೆತಕ್ಕಿಂತ ಇದು ಎರಡು ಪಟ್ಟಾದರೂ ಇರಲಿ, ನಾನಾದರೆ ಅದಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ. ಇಷ್ಟಾಗಿಯೂ 1:12 ರ‍್ಯಾಂಪಿನ ನಡುವೆ ಭಾರದ ಟ್ರಾಲಿಯನ್ನು ಬರೀ ಬ್ರೇಕ್ ನಂಬಿ ನಿಲ್ಲಿಸಬೇಡಿ. ಲಾರಿಯವರು ಚಕ್ರಕ್ಕೆ ಕಲ್ಲು ಕೊಡುವ ಹಾಗೆ ಮರದ ಬೆಣೆ ಕೊಡಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಚಕ್ರದ ಭಾರದ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡೋಣ. ಒಟ್ಟು ತೂಕವನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಿ. ನೆಲ ಏರುಪೇರಿದ್ದಾಗ ಒಂದು ಚಕ್ರ ಗಾಳಿಯಲ್ಲಿ ತೇಲುತ್ತದೆ, ಮೂರೇ ಹೊರುತ್ತವೆ. 580 ಭಾಗ 3 ಅಂದರೆ 193, ಹಾಗಾಗಿ ಒಂದೊಂದೂ 200 ಕೆ.ಜಿ. ಅಥವಾ ಮೇಲ್ಪಟ್ಟು ತಡೆಯುವಂಥದ್ದು ಬೇಕು. ಇನ್ನೊಂದು ಮಾತು, ಕೈಯಲ್ಲಿ ತಳ್ಳುವ ಕ್ಯಾಸ್ಟರುಗಳ ಐಎಸ್ಒ 22883 ಮಾನಕ ಗಂಟೆಗೆ 4 ಕಿ.ಮೀ. ವೇಗದವರೆಗೆ, ಅಂದರೆ ನಾವು ನಡೆಯುವ ವೇಗಕ್ಕೆ. ಟ್ರಾಲಿಗಳನ್ನು ಸಾಲಾಗಿ ಕಟ್ಟಿ ಟಗ್ ಗಾಡಿಯಲ್ಲಿ ಎಳೆಯುತ್ತೀರಾದರೆ ಆ ಚಕ್ರಗಳೇ ಬೇರೆ.

ಎಲ್ಲಿ ಹಾಕಬೇಕು

ಎರಡು ಫಿಕ್ಸ್, ಎರಡು ತಿರುಗುವ ಚಕ್ರ ಇರುವ ಟ್ರಾಲಿಗೆ ತಿರುಗುವವು ಹ್ಯಾಂಡಲ್ ಕಡೆ ಇರಲಿ, ಬ್ರೇಕೂ ಅವಕ್ಕೇ ಇರಲಿ. ಕಾಲು ಸಿಗುವ ಕಡೆ ಪೆಡಲ್ ಇಲ್ಲದಿದ್ದರೆ ಯಾರೂ ಬ್ರೇಕ್ ಹಾಕುವುದಿಲ್ಲ, ಎಷ್ಟು ಬೋರ್ಡ್ ಬರೆದು ಹಾಕಿದರೂ ಅಷ್ಟೆ. ನಾಲ್ಕೂ ತಿರುಗುವವೇ ಆದರೆ ಕನಿಷ್ಠ ಎರಡು ಟೋಟಲ್ ಲಾಕ್ ಬೇಕು. ಬರೀ ಚಕ್ರದ ಬ್ರೇಕ್ ಎರಡು ಹಾಕಿದರೆ ಇನ್ನೊಂದು ತುದಿ ಬಾಗಿಲಿನ ಹಾಗೆ ಬೀಸುತ್ತದೆ. ರ‍್ಯಾಂಪ್ ಇದ್ದರೆ ನಾಲ್ಕಕ್ಕೂ ಲಾಕ್.

ನಿಲ್ಲಿಸುವಾಗ ಒಂದು ಸಣ್ಣ ಅಭ್ಯಾಸ ಮಾಡಿಕೊಳ್ಳಿ. ಟ್ರಾಲಿಯನ್ನು ಒಂದು ಗೇಣು ಮುಂದಕ್ಕೆ ತಳ್ಳಿ, ಆಮೇಲೆ ಬ್ರೇಕ್ ಒತ್ತಿ. ಮುಂದಕ್ಕೆ ತಳ್ಳಿದಾಗ ಹ್ಯಾಂಡಲ್ ಕಡೆಯ ಚಕ್ರಗಳು ತಿರುಗಿ ನಿಮ್ಮ ಕಡೆಗೆ ಬರುತ್ತವೆ. ಪೆಡಲ್ ಚಕ್ರದ ಕಡೆಗೇ ಚಾಚಿರುವ ಮಾಡೆಲ್ ಆದರೆ ಅದೂ ಜೊತೆಗೆ ಹೊರಗೆ ಬರುತ್ತದೆ. ಹಿಂದಕ್ಕೆ ಎಳೆದು ನಿಲ್ಲಿಸಿದರೆ ಎರಡೂ ಟ್ರಾಲಿಯ ಅಡಿಗೆ ಸೇರಿಕೊಂಡಿರುತ್ತವೆ, ಆಗ ಬಗ್ಗಿ ಕೈ ಹಾಕಬೇಕು. ಬೆರಳು ಜಜ್ಜುವುದು ಹೀಗೇ. ಚಕ್ರ ಹೊರಕ್ಕೆ ನಿಂತರೆ ಬುಡವೂ ಅಷ್ಟು ಅಗಲವಾಗುತ್ತದೆ, ಎತ್ತರದ ಮಾಲು ಇದ್ದಾಗ ಅದೂ ಒಳ್ಳೆಯದೇ.

ಮತ್ತೆ, ಓಡುತ್ತಿರುವ ಟ್ರಾಲಿಯನ್ನು ನಿಲ್ಲಿಸಲು ಪೆಡಲ್ ತುಳಿಯಬೇಡಿ. ಇವು ನಿಂತ ಮೇಲೆ ಹಾಕುವ ಬ್ರೇಕು. ಓಡುವಾಗ ಹಾಕಿದರೆ ಶೂ ಬಾಗುತ್ತದೆ, ಟೈರು ಕಿತ್ತು ಬರುತ್ತದೆ, ಟ್ರಾಲಿ ಮುಗ್ಗರಿಸಿ ಮಾಲು ಬೀಳುತ್ತದೆ.

ಕೂರಿಸುವಾಗ

ಟ್ರಾಲಿಯನ್ನು ಜಾಕಿನಿಂದ ಎತ್ತಿ, ಫ್ರೇಮಿನ ಅಡಿಗೆ ಮರದ ದಿಮ್ಮಿ ಕೊಟ್ಟು, ಭಾರ ದಿಮ್ಮಿಯ ಮೇಲೆ ಕೂತ ಮೇಲೆಯೇ ಕೈ ಹಾಕಿ. ಜಾಕ್ ಒಂದನ್ನೇ ನಂಬಬೇಡಿ.

ಫ್ಯಾಬ್ರಿಕೇಷನ್ ಶೆಡ್ಡುಗಳಲ್ಲಿ ಕ್ಯಾಸ್ಟರಿನ ಪ್ಲೇಟನ್ನೇ ನೇರವಾಗಿ ಟ್ರಾಲಿಗೆ ವೆಲ್ಡ್ ಮಾಡಿಬಿಡುವ ಚಾಳಿ ಇದೆ. ದಯವಿಟ್ಟು ಬೇಡ. ಆ ಬಿಸಿಗೆ ತಲೆಯೊಳಗಿನ ಗ್ರೀಸ್ ಸುಡುತ್ತದೆ, ಬೇರಿಂಗ್ ಓಡುವ ದಾರಿ ಕೆಡುತ್ತದೆ, ಪ್ಲೇಟ್ ಸೊಟ್ಟಗಾಗಿ ಟೋಟಲ್ ಲಾಕಿನ ಹಲ್ಲು ಸರಿಯಾಗಿ ಕೂರುವುದೇ ಇಲ್ಲ. ನಾಳೆ ಬದಲಿಸಲು ಗ್ರೈಂಡರ್ ಹಿಡಿಯಬೇಕು. ಫ್ರೇಮಿಗೆ ಬೇರೆ ಒಂದು ಪ್ಲೇಟ್ ವೆಲ್ಡ್ ಮಾಡಿ, ಅದು ಆರಿದ ಮೇಲೆ ಕ್ಯಾಸ್ಟರನ್ನು ನಾಲ್ಕು ಬೋಲ್ಟು, ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್) ಹಾಕಿ ಕಟ್ಟಿ. ಪ್ಲೇಟ್ ಮಟ್ಟಸವಾಗಿರಬೇಕು. ಓರೆ ಇದ್ದರೆ ಫೋರ್ಕ್ ಯಾವಾಗಲೂ ಒಂದೇ ಕಡೆಗೆ ತಿರುಗಿ ನಿಲ್ಲಲು ನೋಡುತ್ತದೆ.

ಅಡ್ಜಸ್ಟ್ ಮಾಡುವುದು

ಟೈರಿನ ಮೇಲೆ ಒತ್ತುವ ಬ್ರೇಕಿನಲ್ಲಿ ಶೂಗೆ ಒಂದು ಬೋಲ್ಟು, ಅದಕ್ಕೊಂದು ಲಾಕ್ ನಟ್ ಇದ್ದರೆ ನಿಮ್ಮ ಅದೃಷ್ಟ. ಚಕ್ರ ಎತ್ತಿ, ಬ್ರೇಕ್ ಬಿಟ್ಟು, ಶೂಗೂ ಟೈರಿಗೂ ಎಷ್ಟು ಸಂದು ಇದೆ ನೋಡಿ. ಎರಡು ಮಿ.ಮೀ. ಆಸುಪಾಸು ಇದ್ದರೆ ಸರಿ, ಬೆರಳು ತೂರುವಷ್ಟಿದ್ದರೆ ಅದು ಹಿಡಿಯುವುದಿಲ್ಲ. ನಟ್ ಸಡಿಲಿಸಿ, ಬೋಲ್ಟನ್ನು ಅರ್ಧರ್ಧ ಸುತ್ತು ಕೊಟ್ಟು ಶೂ ಕೆಳಕ್ಕೆ ತನ್ನಿ. ಪ್ರತಿ ಸಲವೂ ಚಕ್ರವನ್ನು ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ, ಎಲ್ಲಾದರೂ ಒಂದು ಕಡೆ ಉಜ್ಜುತ್ತಿದೆಯಾ ಅಂತ ಕಿವಿ ಕೊಡಿ. ಹಳೇ ಪಿಯು ಚಕ್ರ ಪೂರ್ತಿ ದುಂಡಗಿರುವುದಿಲ್ಲ, ಭಾರ ಹೊತ್ತು ತಿಂಗಳುಗಟ್ಟಲೆ ಒಂದೇ ಕಡೆ ನಿಂತಿದ್ದರೆ ಒಂದು ಬದಿ ಚಪ್ಪಟೆಯಾಗಿರುತ್ತದೆ. ಆ ಚಪ್ಪಟೆ ಜಾಗ ನೋಡಿ ಅಡ್ಜಸ್ಟ್ ಮಾಡಿದರೆ ಉಳಿದ ಕಡೆ ಉಜ್ಜುತ್ತದೆ. ಅಂಥದ್ದನ್ನು ಬದಲಿಸುವುದೇ ವಾಸಿ. ಸರಿಯಾಗಿ ಕೂತ ಮೇಲೆ ಲಾಕ್ ನಟ್ ಬಿಗಿ ಮಾಡಿ, ಮತ್ತೆ ಆ ಮೂರು ಗೀಟಿನ ಪರೀಕ್ಷೆ ಮಾಡಿ. ಪೆಡಲ್ ಒಂದು ಕಾಲಿನ ಒತ್ತಿಗೆ ಕೂರಬೇಕು. ಅದರ ಮೇಲೆ ಹತ್ತಿ ಕುಣಿಯುವ ಹಾಗಾದರೆ ಜಾಸ್ತಿ ಬಿಗಿಯಾಗಿದೆ.

ಬೋಲ್ಟ್ ಇಲ್ಲದ, ಬರೀ ಸ್ಪ್ರಿಂಗ್ ಪಟ್ಟಿಯ ಬ್ರೇಕು ಸಡಿಲವಾದರೆ ಪಟ್ಟಿಯನ್ನು ಗ್ಯಾಸಿನಲ್ಲಿ ಕಾಯಿಸಿ ಬಗ್ಗಿಸುವವರಿದ್ದಾರೆ. ಕಾಯಿಸಿದರೆ ಸ್ಪ್ರಿಂಗಿನ ಟೆಂಪರ್ (ಪುಟಿಯುವ ಗುಣ) ಹೋಗುತ್ತದೆ, ಆಮೇಲೆ ಅದು ಬರೀ ತಗಡು.

ಪೆಡಲ್ ಸರಿ, ಶೂ ಸರಿ, ಆದರೂ ಬ್ರೇಕ್ ಕೂರುತ್ತಿಲ್ಲವೆಂದರೆ ಬಗ್ಗಿ ಆಕ್ಸಲ್ ಹತ್ತಿರ ನೋಡಿ. ಪ್ಯಾಕಿಂಗ್ ಪಟ್ಟಿ, ದಾರ, ಲೇತಿನ ಚಿಪ್ಸ್ ಸುತ್ತಿಕೊಂಡು ಉಂಡೆ ಕಟ್ಟಿರುತ್ತದೆ. ಕಟರ್‌ನಿಂದ ಕತ್ತರಿಸಿ, ಇಕ್ಕಳದಲ್ಲಿ ಎಳೆದು ತೆಗೆಯಿರಿ, ಬರಿಗೈ ಹಾಕಬೇಡಿ, ಚಿಪ್ಸ್ ಬ್ಲೇಡಿನ ಹಾಗೆ ಕುಯ್ಯುತ್ತದೆ. ಗ್ರೀಸ್ ಕೊಡುವಾಗ ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಇರುವ ತಲೆಗೆ, ಆಕ್ಸಲಿಗೆ ಮಾತ್ರ ಕೊಟ್ಟು, ಹೊರಗೆ ಬಂದದ್ದನ್ನು ಬಟ್ಟೆಯಲ್ಲಿ ಒರೆಸಿ. ಪೆಡಲ್ ಬಿಗಿ ಅಂತ ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಅದು ಶೂ, ಟೈರಿಗೂ ಸಿಡಿದು ಇದ್ದ ಹಿಡಿತವನ್ನೂ ಕಳೆಯುತ್ತದೆ. ಪೆಡಲಿನ ಕೀಲಿಗೆ ಕಡ್ಡಿಯಲ್ಲಿ ಒಂದು ಹನಿ ಎಣ್ಣೆ ಸಾಕು.

ಬ್ರೇಕೇ ಉತ್ತರವಲ್ಲದ ಕಡೆ

ಕೆಲಸ ಮಾಡುವಾಗ ನಡುಗುವ ಯಂತ್ರ, ಬೆಂಚ್ ಗ್ರೈಂಡರ್ ಸ್ಟ್ಯಾಂಡ್, ಅಳತೆಯ ಟೇಬಲ್, ಇವಕ್ಕೆ ಎಂಥ ಟೋಟಲ್ ಲಾಕ್ ಹಾಕಿದರೂ ಟೈರಿನ ಮೆತುವು, ಬೇರಿಂಗಿನ ಆಟ ಇದ್ದೇ ಇರುತ್ತದೆ. ಲೆವೆಲಿಂಗ್ ಕ್ಯಾಸ್ಟರ್ ಅಂತ ಸಿಗುತ್ತದೆ, ಪಕ್ಕದಲ್ಲಿರುವ ತಿರುಪಿನ ಸಣ್ಣ ಗಾಲಿ ತಿರುಗಿಸಿದರೆ ರಬ್ಬರ್ ಪಾದ ಕೆಳಗಿಳಿದು ಚಕ್ರವನ್ನೇ ನೆಲದಿಂದ ಎತ್ತಿಬಿಡುತ್ತದೆ. ದುಡ್ಡು ಉಳಿಸಬೇಕೆಂದರೆ ಫ್ರೇಮಿನ ನಾಲ್ಕು ಮೂಲೆಗೆ ನಟ್ ವೆಲ್ಡ್ ಮಾಡಿ ಜಾಕ್ ಬೋಲ್ಟ್ ಹಾಕಿ. ಕೆಲಸ ಅದೇ.

ಫ್ಲೋರ್ ಲಾಕ್ ಅಂತ ಇನ್ನೊಂದಿದೆ, ಟ್ರಾಲಿಯ ಅಡಿಗೆ ಬೇರೆಯಾಗಿ ಬೋಲ್ಟ್ ಮಾಡುವಂಥದ್ದು, ತುಳಿದರೆ ರಬ್ಬರ್ ಪಾದ ನೆಲಕ್ಕೆ ಒತ್ತಿಕೊಳ್ಳುತ್ತದೆ. ಸಮ ನೆಲದಲ್ಲಿ ಟ್ರಾಲಿ ಅಲೆದಾಡದಂತೆ ಹಿಡಿಯುತ್ತದೆ, ಇಳಿಜಾರಿಗೆ ಇದನ್ನು ನಂಬಬೇಡಿ. ನಿಮ್ಮ ಕ್ಯಾಸ್ಟರಿನ ಒಟ್ಟು ಎತ್ತರಕ್ಕೆ ಹೊಂದುವಂಥದ್ದನ್ನೇ ತರಬೇಕು, ಗಿಡ್ಡ ಆದರೆ ನೆಲ ಮುಟ್ಟುವುದಿಲ್ಲ, ಉದ್ದ ಆದರೆ ಪೆಡಲ್ ಕೂರುವುದಿಲ್ಲ.

ಬದಲಿ ಕ್ಯಾಸ್ಟರ್ ತರಲು ಹೊರಟರೆ ಅಳತೆ ಬರೆದುಕೊಳ್ಳಿ: ಚಕ್ರದ ವ್ಯಾಸ, ಅಗಲ, ನೆಲದಿಂದ ಪ್ಲೇಟಿನ ಮೇಲ್ಭಾಗದವರೆಗೆ ಒಟ್ಟು ಎತ್ತರ, ಪ್ಲೇಟಿನ ತೂತುಗಳ ನಡುವಿನ ದೂರ ಉದ್ದಕ್ಕೂ ಅಡ್ಡಕ್ಕೂ, ಬೋಲ್ಟ್ ಸೈಜು. ಒಟ್ಟು ಎತ್ತರ ಐದು ಮಿ.ಮೀ. ಹೆಚ್ಚುಕಡಿಮೆ ಆದರೂ ಟ್ರಾಲಿ ಕುಂಟುತ್ತದೆ, ಗಾಳಿಯಲ್ಲಿ ತೇಲುವುದು ಬ್ರೇಕ್ ಇರುವ ಚಕ್ರವೇ ಆದರೆ ಆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಅಳತೆಯ ಗೊಡವೆ ಬೇಡ ಅನ್ನುವುದಾದರೆ ಹಳೆಯದನ್ನೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋಗಿ, ಪಕ್ಕಪಕ್ಕ ನಿಲ್ಲಿಸಿ ನೋಡಿ ತನ್ನಿ.